ಡಬ್ಬಿ ಸಾಕಿದ ಪ್ರಭುಸ್ವಾಮಿ

ಕಾರಯ್ಯನದೊಡ್ಡಿಯ ಪ್ರಭುಸ್ವಾಮಿ ಇನ್ನೊಬ್ಬರನ್ನು ಪ್ರಶ್ನೆ ಕೇಳುವುದನ್ನು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅದಕ್ಕೆ ಕಾರಣ ಒಂದು ಶಾಲು. ಕೊಳ್ಳೇಗಾಲದಲ್ಲಿ ನಡೆದ ರೇಷ್ಮೆ ಬೆಳೆಗಾರರ ಸಮಾವೇಶದಲ್ಲಿ ಅವನನ್ನು ವೇದಿಕೆಗೆ ಕರೆದು, 'ಪ್ರಗತಿಪರ ಬೆಳೆಗಾರ' ಎಂದು ಮೈಕಿನಲ್ಲಿ ಕೂಗಿ, ಹೆಗಲಿಗೆ ಅದನ್ನು ಹೊದಿಸಿದ್ದರು. ಪ್ರಗತಿಪರನಾದವನು ಯಾವುದನ್ನೂ ಗೊತ್ತಿಲ್ಲ ಎನ್ನಬಾರದೆಂಬ ನಿಯಮವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಸ್ಸಿನಲ್ಲಿ ಊರಿಗೆ ವಾಪಸು ಬರುವಾಗ ತಾನೇ ಮಾಡಿಕೊಂಡ.

ಅವನ ಅಂಗಳದಲ್ಲಿ ಎರಡು ಕಟ್ಟಡಗಳಿದ್ದವು. ಒಂದು ಹುಳುಮನೆ. ಎತ್ತರದ ಗೋಡೆ, ಹೆಂಚಿನ ಸೂರು, ಎದುರುಬದುರು ಕಿಟಕಿ, ಬೇಸಿಗೆ ಬಂದರೆ ಕಿಟಕಿಗಳಿಗೆಲ್ಲ ನೆನೆಸಿದ ಗೋಣಿತಾಟು. ಒಳಗೆ ರೇಷ್ಮೆಹುಳುಗಳು ಹೊತ್ತು ಹೊತ್ತಿಗೆ ಸೊಪ್ಪು ತಿಂದುಕೊಂಡು ಸುಖವಾಗಿದ್ದವು. ಇನ್ನೊಂದು ಕಟ್ಟಡದಲ್ಲಿ ಪ್ರಭುಸ್ವಾಮಿಯೂ ಅವನ ಹೆಂಡತಿ ಪುಟ್ಟಗೌರಮ್ಮನೂ ಇದ್ದರು. ಅದರ ಮೇಲೆ ಸಿಮೆಂಟ್ ಶೀಟು. ಶಿವರಾತ್ರಿ ಕಳೆಯಿತೆಂದರೆ ಮಧ್ಯಾಹ್ನ ಆ ಮನೆಯೊಳಗೆ ಬೆಕ್ಕೂ ಇರುತ್ತಿರಲಿಲ್ಲ. ಶೀಟು ತೆಗೆಸಿ ಹೆಂಚು ಹಾಕಿಸಿ ಎಂದು ಪುಟ್ಟಗೌರಮ್ಮ ಹೇಳಿದಾಗಲೆಲ್ಲ ಪ್ರಭುಸ್ವಾಮಿಯ ಉತ್ತರ ಒಂದೇ: "ಉಳ ನಮ್ಮನ್ನ ಸಾಕ್ತ ಅವ ಕಣೆ. ಮೊದ್ಲು ಅವು ಸುಖವಾಗಿರ್ಲಿ."

ಈ ವರ್ಷ ಮಾತ್ರ ಆ ಉತ್ತರ ನಡೆಯುವಂತಿರಲಿಲ್ಲ. ಮಗಳು ಪುಷ್ಪಳಿಗೆ ಏಳು ತಿಂಗಳು. ಯಳಂದೂರಿನ ಹತ್ತಿರಕ್ಕೆ ಕೊಟ್ಟಿದ್ದರು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೀಮಂತದ ದಿನ ಬೀಗಿತ್ತಿ ಚಿಕ್ಕತಾಯಮ್ಮ ಎಲ್ಲರೂ ಊಟಕ್ಕೆ ಕೂತಿರುವಾಗ ಮೂರನೇ ಮಾತನ್ನು ಆಡಿಬಿಟ್ಟರು.

"ಎಲ್ಲಾ ಸರಿ ಕಣ್ರಿ ಬೀಗ್ರೆ. ಬಾಣಂತಿಗ ತಂಡಿ ಆಗ್ಬಾರ್ದು, ಒಪ್ಕತೀನಿ. ಅಂಗಂತ ಮೇ ತಿಂಗ್ಳಲ್ಲಿ ಆ ಶೀಟ್ ಮನೇಲಿ ಮಡಗಿ ಬೇಯ್ಸಕ್ಕ ಆದದ? ಸೂರು ಸರಿಯಾಗ್ಲಿ, ಕಳಿಸ್ತೀನಿ. ಇಲ್ಲಾಂದ್ರ ಬಾಣಂತನ ನಮ್ಮನೇಲೇ ಆಗ್ಲಿ ಬುಡಿ."

ಪುಟ್ಟಗೌರಮ್ಮ ಪಾಯಸವನ್ನು ಎಲೆಯಲ್ಲೇ ಬಿಟ್ಟಳು. ಇದ್ದೊಬ್ಬ ಮಗಳ ಮೊದಲ ಬಾಣಂತನವನ್ನು ಬೀಗರ ಮನೆಯಲ್ಲಿ ಮಾಡಿಸಿದವಳು ಎಂಬ ಹೆಸರು ಹೊತ್ತುಕೊಂಡು ಊರಲ್ಲಿ ತಲೆಯೆತ್ತಿ ನಡೆಯುವುದು ಹೇಗೆ? ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿಗೆ ಹೋಗಿ ಕೂತಳು. ಪ್ರಭುಸ್ವಾಮಿ ಕಿಟಕಿಯಾಚೆಗಿನ ಮನೆಗಳ ಸೂರುಗಳನ್ನು ನೋಡುತ್ತ ಬಂದ.

ಇದಾದ ವಾರಕ್ಕೆ ಆಶಾರಾಣಿ ಬಂದಳು. ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯ ಹುಡುಗಿ. ಬಡವರ ಮನೆಗಳು ಎಷ್ಟು ಕಾಯುತ್ತವೆಂದು ಲೆಕ್ಕ ಹಾಕಿ ಸರ್ಕಾರಕ್ಕೆ ಹೇಳುವುದು ಅವಳ ಕೆಲಸ. ಸುತ್ತಮುತ್ತಲ ಹನ್ನೆರಡು ಶೀಟಿನ ಮನೆಗಳನ್ನು ಆರಿಸಿದ್ದರು. ಊರಲ್ಲಿ ಎರಡು, ಪ್ರಭುಸ್ವಾಮಿಯದೊಂದು, ಪಕ್ಕದ ಮಾದಣ್ಣನದೊಂದು. ಅವಳು ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಬಿಳಿ ಡಬ್ಬಿಯನ್ನು ನಡುಮನೆಯ ಮೂಲೆಯಲ್ಲಿ ಮೊಳೆಗೆ ನೇತುಹಾಕಿದಳು.

"ಇದು ಹತ್ತು ನಿಮಿಷಕ್ಕೊಂದ್ಸಲ ಮನೆ ಶಾಖ ಬರ್ಕೊಳ್ಳುತ್ತೆ. ಇದನ್ನ ಮುಟ್ಟಬೇಡಿ. ನೀವು ದಿನಾ ಹೇಗಿರ್ತೀರೋ ಹಾಗೇ ಇರಿ. ಯಾವ ಮನೆಗಳು ಜಾಸ್ತಿ ಕಾಯುತ್ವೋ ಅವಕ್ಕೆ ಮೊದಲು ಸೂರು ಬದಲಾಯಿಸಿ ಅಂತ ಶಿಫಾರಸು ಮಾಡ್ತೀವಿ. ಅರ್ಥ ಆಯ್ತಲ್ಲ?"

"ಗೊತ್ತು ಬುಡಿ ಮೇಡಮ್ಮೋರೇ," ಎಂದ ಪ್ರಭುಸ್ವಾಮಿ.

ಅವಳು ಹೇಳಿದ್ದು ಅವನ ಕಿವಿಗೆ ಚೆನ್ನಾಗಿಯೇ ಬಿದ್ದಿತ್ತು. ಆದರೆ ಮೂವತ್ತು ವರ್ಷ ಹುಳು ಸಾಕಿದವನ ಅನುಭವ ಆ ಮಾತನ್ನು ಒಪ್ಪಲಿಲ್ಲ. ಅವನ ಆಯುಷ್ಯದಲ್ಲಿ ಎಷ್ಟೋ ಜನ ಸಾಹೇಬರು ಬಂದು ಶಾಖ ಅಳೆದಿದ್ದರು. ಹುಳುಮನೆಯ ಗೋಡೆಯ ಥರ್ಮಾಮೀಟರ್ ಇಪ್ಪತ್ತಾರರಲ್ಲಿದ್ದರೆ ಶಹಬ್ಬಾಸ್ ಅನ್ನುತ್ತಿದ್ದರು, ಮೂವತ್ತು ದಾಟಿದ್ದರೆ ಉಗಿಯುತ್ತಿದ್ದರು. ಬೆಳೆ ಕೆಡಿಸಿಕೊಂಡವನಿಗೆ ಶಾಲು ಹೊದಿಸಿದ್ದನ್ನು ಅವನು ಕಂಡಿರಲಿಲ್ಲ. ಹಾಗಿರುವಾಗ ಮನೆಯನ್ನು ಕಾಯಲು ಬಿಟ್ಟವನಿಗೆ ಸೂರು ಕೊಡುತ್ತಾರೆ ಎಂದರೆ ನಂಬಲು ಅವನೇನು ಮಾದಣ್ಣನೇ? ಇದು ಮನುಷ್ಯನನ್ನು ಪರೀಕ್ಷೆ ಮಾಡಲು ಆಡುವ ಮಾತು ಎಂದು ತೀರ್ಮಾನಿಸಿದ.

ಹೊಲದಿಂದ ಸೊಪ್ಪಿನ ಹೊರೆ ಹೊತ್ತು ಬಂದ ಹೆಂಡತಿಗೆ ತನ್ನ ತೀರ್ಮಾನವನ್ನಷ್ಟೇ ಹೇಳಿದ: "ಯಾರ ಮನೇಲಿ ಈ ಡಬ್ಬಿ ತಂಪಾಗಿರ್ತದೋ ಅವ್ರಿಗ ಹೊಸ ಸೂರು ಕಣೆ."

"ನಿಜವಾಗ್ಲೂವಾ?"

"ಮೈಸೂರಿಂದ ಬಂದು ಹೇಳೋಗವ್ರೆ."

ಪುಟ್ಟಗೌರಮ್ಮ ಹೊರೆಯನ್ನು ಇಳಿಸಿದವಳೇ ಕೊಡ ಎತ್ತಿಕೊಂಡಳು.

ಅಂದಿನಿಂದ ಕಾರಯ್ಯನದೊಡ್ಡಿಯಲ್ಲಿ ಆ ಡಬ್ಬಿಗೆ ಆದ ಆರೈಕೆ ಹೊಸ ಮದುವಣಿಗನಿಗೂ ಆಗಿರಲಾರದು. ಮೂಲೆಯ ಎರಡೂ ಗೋಡೆಗೆ ಗೋಣಿಚೀಲ ಇಳಿಬಿಟ್ಟರು. ಮುಂದೊಂದು, ಮೇಲೊಂದು. ಕೆಳಗೆ ಬಾಣಲಿಯಲ್ಲಿ ಮರಳು ತುಂಬಿ ನೀರು ಹಾಕಿದರು. ಪ್ರಭುಸ್ವಾಮಿ ಹುಳುಮನೆಯ ಥರ್ಮಾಮೀಟರನ್ನೇ ತಂದು ಡಬ್ಬಿಯ ಪಕ್ಕ ನೇತುಹಾಕಿದ. ಎರಡು ಗಂಟೆಗೊಮ್ಮೆ ನೋಡುವುದು, "ಇಪ್ಪತ್ತೇಳೂ!" ಎಂದು ಕೂಗುವುದು. ಪುಟ್ಟಗೌರಮ್ಮ ಊರಿನ ನೀರಿನ ತೊಂಬೆಗೆ ಓಡುವುದು. ತೊಂಬೆ ಇದ್ದದ್ದು ಊರ ಬಾಗಿಲಲ್ಲಿ. ದಿನಕ್ಕೆ ಇಪ್ಪತ್ತು ಕೊಡ.

ಹುಳುಮನೆಯ ಮಡಿಯೆಲ್ಲ ನಡುಮನೆಗೆ ಬಂತು. ಒಗ್ಗರಣೆಯ ಘಾಟು ಹುಳಕ್ಕೆ ಆಗದು, ಆದ್ದರಿಂದ ಡಬ್ಬಿಗೂ ಆಗದು. ಒಂದು ತಿಂಗಳು ಆ ಮನೆಯಲ್ಲಿ ಸಾಸಿವೆ ಸಿಡಿಯಲಿಲ್ಲ. ಹೊಸಲಿಗೆ ಸುಣ್ಣದ ಪುಡಿ ಬಿತ್ತು. ಮಧ್ಯಾಹ್ನ ಪುಟ್ಟಗೌರಮ್ಮ ಸುಸ್ತಾಗಿ ಆ ಮೂಲೆಯ ಕಡೆ ತಲೆಯಿಟ್ಟು ಒರಗಲು ಹೋದರೆ, ಪ್ರಭುಸ್ವಾಮಿ ಬಾಗಿಲಿಂದಲೇ ಗದರುತ್ತಿದ್ದ.

"ಅಲ್ಲಿ ಬ್ಯಾಡ ಕಣೆ, ನಿನ್ನ ಉಸ್ರು ಬಿಸಿ ತಾಕ್ತದ. ಅತ್ತಗ ಮಲಿಕ."

ಅತ್ತ ಎಂದರೆ ಒಲೆಯ ಕಡೆ. ಮಗಳಿಗಾಗಿ ತಾನೆ ಎಂದು ಅವಳು ಅತ್ತಲೇ ಒರಗುತ್ತಿದ್ದಳು, ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಬೀಡಿ ಸೇದುತ್ತ ಹರಟೆಗೆ ಬಂದ ಮಾದಣ್ಣನನ್ನು ಹೊಸಲಲ್ಲೇ ನಿಲ್ಲಿಸಿ ಕೈಕಾಲಿಗೆ ಬ್ಲೀಚಿಂಗ್ ಪೌಡರಿನ ನೀರು ಹಾಕಲಾಯಿತು.

"ಯಾಕ್ಲಾ ಪ್ರಭು, ನಡುಮನೇಲೂ ಉಳ ಮಡಗಿದ್ದಯಾ?"

"ಡಬ್ಬಿ ಅದ ಕಣ್ಲಾ. ಬೀಡಿ ಆಚೆ ಎಸಿ. ನಿಂದು ಎಷ್ಟದ?"

"ಏನು ಎಷ್ಟದ?"

"ಡಬ್ಬಿ ಶಾಖ."

"ಯಾವನಿಗ್ಗೊತ್ತು! ಅದ್ರ ಮ್ಯಾಲ ನನ್ನ ಅಂಗಿ ನೇತಾಕಿವ್ನಿ."

ಪ್ರಭುಸ್ವಾಮಿ ತನ್ನ ಥರ್ಮಾಮೀಟರನ್ನು ಕೊಂಡುಹೋಗಿ ಮಾದಣ್ಣನ ಮನೆಯಲ್ಲಿ ಹಿಡಿದು ನೋಡಿದ. ನಲವತ್ತು ದಾಟಿತ್ತು. ಅವನಿಗೆ ನೆರೆಯವನ ಮೇಲೆ ನಿಜವಾದ ಮರುಕ ಹುಟ್ಟಿತು. "ಫೇಲು ಕಣ್ಲಾ ನೀನು," ಎಂದು ಅವನ ಬೆನ್ನು ತಟ್ಟಿ ಬಂದ.

ತಿಂಗಳು ಕಳೆದು ಆಶಾರಾಣಿ ಫೋನು ಮಾಡಿ, ನಾಳೆ ಹತ್ತು ಗಂಟೆಗೆ ಬರುತ್ತೇನೆ ಎಂದಳು. ಪರೀಕ್ಷಕರ ಮುಂದೆ ಒದ್ದೆ ಗೋಣಿ ನೇತಾಡುವುದು ಮರ್ಯಾದೆಯಲ್ಲ. ಪ್ರಭುಸ್ವಾಮಿ ಬೆಳಿಗ್ಗೆಯೇ ಎಲ್ಲವನ್ನೂ ಬಿಚ್ಚಿ ಹಿತ್ತಿಲಿಗೆ ಹಾಕಿ, ನೆಲ ಒರೆಸಿ, ಊದುಕಡ್ಡಿ ಹಚ್ಚಿ, ಡಬ್ಬಿಗೆ ಕೆಡುಕೆಂದು ಮತ್ತೆ ಆರಿಸಿದ. ಆಶಾರಾಣಿ ಡಬ್ಬಿಯ ಹತ್ತಿರ ಫೋನು ಹಿಡಿದಳು. ಒಂದು ತಿಂಗಳ ಶಾಖ ಫೋನಿನ ಮೇಲೆ ಗೆರೆಯಾಗಿ ಮೂಡಿತು. ಬೇರೆ ಮನೆಗಳ ಗೆರೆ ಏರಿ ಏರಿ ನಲವತ್ತು ಮುಟ್ಟುತ್ತಿದ್ದರೆ, ಇಲ್ಲಿನದು ಇಪ್ಪತ್ತಾರು ಇಪ್ಪತ್ತೇಳರ ಆಸುಪಾಸಿನಲ್ಲಿ ಮಟ್ಟಸವಾಗಿ ಮಲಗಿತ್ತು.

"ಇದು ಹೇಗೆ ಸಾಧ್ಯ? ನೀವು ಏನಾದ್ರೂ ಮಾಡ್ತೀರಾ ಯಜಮಾನ್ರೇ?"

ಒಳಗುಟ್ಟು ಹೇಳಿದರೆ ಅಂಕ ಕಡಿಮೆಯಾಗುತ್ತದೆ ಎಂಬುದು ಪ್ರಭುಸ್ವಾಮಿಗೆ ಗೊತ್ತಿತ್ತು. ಕೈ ಕಟ್ಟಿಕೊಂಡು, ಆದಷ್ಟು ವಿನಯದಿಂದ ಹೇಳಿದ: "ಏನೂ ಇಲ್ಲ ಮೇಡಮ್ಮೋರೇ. ನಮ್ಮನೆ ಇರದೇ ಇಂಗೆ."

ಈ ಒಂದು ವಾಕ್ಯ ಮೈಸೂರಿಗೆ ಹೋಗಿ ಅಲ್ಲಿ ದೊಡ್ಡದಾಯಿತು. ಅಧ್ಯಯನದ ಮುಖ್ಯಸ್ಥರು ಪ್ರೊಫೆಸರ್ ಶಿವಕುಮಾರಸ್ವಾಮಿ. ಬಡವರಿಗೆ ಏನು ಬೇಕೆಂಬುದು ಬಡವರಿಗೇ ಗೊತ್ತಿರುತ್ತದೆ ಎಂದು ಅವರು ಹತ್ತು ವರ್ಷದಿಂದ ಬರೆಯುತ್ತಿದ್ದರು, ಆದರೆ ಉದಾಹರಣೆ ಸಿಕ್ಕಿರಲಿಲ್ಲ. ಗೆರೆ ನೋಡಿದವರೇ ಕುರ್ಚಿಯಿಂದ ಎದ್ದರು. ಗೋಡೆಯ ಮಣ್ಣಿನಲ್ಲಿದೆಯೇ ಗುಟ್ಟು? ಬಾಗಿಲಿನ ದಿಕ್ಕಿನಲ್ಲಿದೆಯೇ? ಹಿರಿಯರ ವಾಸ್ತುವಿನಲ್ಲಿದೆಯೇ? ಸೂರು ಬದಲಿಸಿಕೊಡಬೇಕಾದ ಹನೂರಿನ ಅಧಿಕಾರಿಗೂ ಫೋನು ಮಾಡಿದರು. ಆ ಅಧಿಕಾರಿಗೆ ಜನಪದ ಜ್ಞಾನ ಬೇಕಿರಲಿಲ್ಲ. ಶೀಟಿನ ಮನೆ ತಂಪಾಗಿಯೇ ಇರುತ್ತದೆ ಎಂದು ಪ್ರೊಫೆಸರೇ ಬರೆದುಕೊಟ್ಟರೆ ಸೂರು ಬದಲಿಸುವ ತಾಪತ್ರಯವೇ ಇರುವುದಿಲ್ಲವಲ್ಲ ಎಂದು ಹಿಗ್ಗಿದರು.

ಸುದ್ದಿಗೆ ಬಸ್ಸು ಹತ್ತುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹನೂರಿನಲ್ಲಿ ಹತ್ತಿ, ಕೊಳ್ಳೇಗಾಲದಲ್ಲಿ ಇಳಿದು, ಯಳಂದೂರಿನ ಬಸ್ಸಿಗೆ ಬದಲಾಗಿ ಚಿಕ್ಕತಾಯಮ್ಮನ ಜಗಲಿ ಸೇರಿತು: ಬೀಗರ ಶೀಟಿನ ಮನೆ ತಂಪಾಗಿದೆಯಂತೆ, ನೋಡಲು ಮೈಸೂರಿಂದ ಸಾಹೇಬರು ಬರುತ್ತಾರಂತೆ. ಕಣ್ಣಾರೆ ನೋಡದೆ ಯಾವುದನ್ನೂ ನಂಬದ ಹೆಂಗಸು ಆಕೆ. ಅದೇ ದಿನ ನಾನೂ ಬರುತ್ತೇನೆ ಎಂದು ಹೇಳಿಕಳಿಸಿದರು.

ಪುಟ್ಟಗೌರಮ್ಮ ಬೆಟ್ಟದ ಮಾದಪ್ಪನಿಗೆ ಹರಕೆ ಕಟ್ಟಿಕೊಂಡಳು. ಸೂರೂ ಬರುತ್ತದೆ, ಮಗಳೂ ಬರುತ್ತಾಳೆ. ಸಾಹೇಬರು ಬರುವವರೆಗಿನ ಎರಡು ವಾರ ಇಪ್ಪತ್ತು ಕೊಡ ಇಪ್ಪತ್ತೈದಾಯಿತು.

ಯುಗಾದಿ ಕಳೆದ ಮೂರನೇ ದಿನ ಎರಡು ಜೀಪು ಬಂದವು. ಬೆಳಿಗ್ಗೆ ಬರುತ್ತೇವೆಂದವರು, ಸರ್ಕಾರಿ ಬೆಳಿಗ್ಗೆಯಾದ್ದರಿಂದ, ಬಂದಾಗ ಒಂದೂವರೆ ಗಂಟೆ. ಗೋಣಿ, ಬಾಣಲಿ ಎಲ್ಲ ಏಳಕ್ಕೇ ಹಿತ್ತಿಲು ಸೇರಿದ್ದವು. ಪ್ರೊಫೆಸರು, ಅಧಿಕಾರಿ, ಆಶಾರಾಣಿ, ಜೊತೆಯವರು ನಾಲ್ಕು ಮಂದಿ, ಬೀಗಿತ್ತಿ, ಸಾಲದ್ದಕ್ಕೆ ಬಾಗಿಲು ತುಂಬ ಊರವರು. ಮೇಲೆ ಶೀಟು ಚಟಪಟ ಎನ್ನುತ್ತಿತ್ತು.

"ಆಹಾ!" ಎಂದರು ಪ್ರೊಫೆಸರು, ಒಳಗೆ ಕಾಲಿಟ್ಟವರೇ. "ಹೊಸಲು ದಾಟಿದ ಕೂಡಲೇ ವ್ಯತ್ಯಾಸ ಗೊತ್ತಾಗುತ್ತೆ ನೋಡಿ."

"ಎಸಿ ಇದ್ದ ಹಾಗಿದೆ ಸಾರ್," ಎಂದರು ಅಧಿಕಾರಿ, ಕರವಸ್ತ್ರದಲ್ಲಿ ಕತ್ತು ಒರೆಸುತ್ತ. ಜೊತೆಯವರೂ ತಂಪಾಗಿದೆ ಎಂದರು. ಒಬ್ಬನ ಕನ್ನಡಕದ ಮೇಲೆ ಬೆವರು ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ಒರೆಸಿಕೊಂಡು ಇನ್ನೊಮ್ಮೆ ತಂಪಾಗಿದೆ ಎಂದ.

ಚಿಕ್ಕತಾಯಮ್ಮ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಒಂದು ನಿಮಿಷ ನೋಡಿದರು. "ನಂಗ್ಯಾಕೋ ಬೇಯ್ತಾ ಅದ ಕಣಪ್ಪ," ಎಂದರು.

"ಅದು ನಿಮ್ಮ ಭಾವನೆ ಅಮ್ಮ," ಎಂದರು ಪ್ರೊಫೆಸರು ಮೃದುವಾಗಿ. "ಅಂಕಿ ಅಂಶ ಹಾಗೆ ಹೇಳಲ್ಲ. ಆಶಾ, ಈಗಿನದು ಎಷ್ಟಿದೆ ತೋರಿಸಿ."

ಆಶಾರಾಣಿ ಫೋನು ಹಿಡಿದಳು. "ಮೂವತ್ತಾರು ಸಾರ್."

"ಜನ ಸೇರಿದ್ದಾರಲ್ಲ, ಸ್ವಲ್ಪ ಏರುತ್ತೆ."

"ಮೂವತ್ತೇಳಾಯ್ತು ಸಾರ್."

ಪ್ರಭುಸ್ವಾಮಿ ಹಿತ್ತಿಲ ಬಾಗಿಲ ಕಡೆ ನೋಡಿದ. ಮುಂದೆ ಬೀಗಿತ್ತಿ, ಹಿಂದೆ ಊರು. ಅವನ ಮೂವತ್ತು ವರ್ಷದ ಹುಳುಸಾಕಣೆಯಲ್ಲಿ ಮೂವತ್ತೇಳು ಎಂಬ ಅಂಕಿಗೆ ಅರ್ಥ ಒಂದೇ: ಬೆಳೆ ಪೂರ್ತಿ ಹೋಯಿತು, ಹುಳ ತಿಪ್ಪೆಗೆ.

"ಮೂವತ್ತೆಂಟು," ಎಂದಳು ಆಶಾರಾಣಿ.

"ಎದ್ದೇಳಿ ಸಾ! ಒಸಿ ಎದ್ದೇಳಿ!" ಎಂದು ಕೂಗಿದ ಪ್ರಭುಸ್ವಾಮಿ, ಪ್ರೊಫೆಸರನ್ನು ಕುರ್ಚಿ ಸಮೇತ ಪಕ್ಕಕ್ಕೆ ಸರಿಸಿ ಹಿತ್ತಿಲಿಗೆ ಓಡಿದ. ನಾಲ್ಕು ಗೋಣಿಚೀಲ ಬಾಚಿ ತೊಟ್ಟಿಯಲ್ಲಿ ಅದ್ದಿ, ನೀರು ಸುರಿಸಿಕೊಂಡೇ ಒಳಗೆ ನುಗ್ಗಿದ. "ಗೌರೀ, ಕೊಡ ತಕ್ಕ ಬಾ! ಕಾವು ಏರ್ತಾ ಅದ! ಯಜಮಾನ್ರೇ, ಉಸ್ರು ಅತ್ತಗ ಬುಡಿ, ಅತ್ತಗ!" ಉಸಿರನ್ನು ಅತ್ತ ಬಿಡಬೇಕಾದವರು ಹನೂರಿನ ಅಧಿಕಾರಿ. ಅವರು ತಿಳಿಯದೆ ಮುಖ ತಿರುಗಿಸಿಕೊಂಡೂಬಿಟ್ಟರು. ನೋಡನೋಡುತ್ತಿದ್ದಂತೆ ಡಬ್ಬಿಯ ಸುತ್ತ ಗೋಣಿಯ ಗೂಡು ಎದ್ದಿತು. ಪ್ರೊಫೆಸರ ಬೂಟಿನೊಳಗೆ ನೀರು ಹೋಯಿತು. ಮಾದಣ್ಣ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚಿದ.

ಕಾಲು ಗಂಟೆ ಕಳೆಯಿತು. ಆಶಾರಾಣಿ ಮೆಲ್ಲಗೆ ಫೋನು ನೋಡಿದಳು. "ಮೂವತ್ತೊಂದು. ಇಳೀತಾ ಇದೆ."

"ಅರ್ಧ ಗಂಟೆ ಕೊಡಿ, ಇಪ್ಪತ್ತೇಳಕ್ಕ ತತ್ತೀನಿ," ಎಂದ ಪ್ರಭುಸ್ವಾಮಿ, ಮೀಸೆಯ ನೀರು ಒರೆಸಿಕೊಂಡು.

"ಅಂದ್ರೆ..." ಪ್ರೊಫೆಸರು ಗೋಣಿಯ ಗೂಡಿನತ್ತ ಬೆರಳು ತೋರಿಸಿದರು. "ಅಂದ್ರೆ ನಿಮ್ಮ ಮನೆ ತಂಪಾಗಿರಲಿಲ್ಲ."

"ಮನೆ ಯಾಕ್ಸಾ ತಂಪಾಗಿದ್ದದು? ಶೀಟು ಅಲ್ವಾ? ನೀವು ಮಡಗೋಗಿದ್ದು ಡಬ್ಬಿ. ನಾನು ಡಬ್ಬೀನ ಜ್ವಾಪಾನ ಮಾಡಿವ್ನಿ."

ಹತ್ತು ವರ್ಷಕ್ಕೆ ಸಿಕ್ಕಿದ್ದ ಒಂದೇ ಒಂದು ಉದಾಹರಣೆ ಕೈಬಿಟ್ಟಿದ್ದರಿಂದ ಪ್ರೊಫೆಸರು ಒದ್ದೆ ಬೂಟನ್ನು ನೋಡುತ್ತ ಕೂತರು. ಆದರೆ ಅಧಿಕಾರಿಯ ಮುಖದಲ್ಲಿ ಬೆಳಕು ಮೂಡಿತು.

"ಸಾರ್, ಇದು ಇನ್ನೂ ಒಳ್ಳೇದಾಯ್ತಲ್ಲ! ಒಂದು ಮನೆಗೆ ನಾಲ್ಕು ಗೋಣಿಚೀಲ. ಸೂರು ಯಾತಕ್ಕೆ?"

"ನೀರು ಯಾರು ಹೊರ್ತಾರೆ ಸಾರ್?" ಎಂದಳು ಆಶಾರಾಣಿ. ಅಧಿಕಾರಿ ಅಷ್ಟು ದೂರ ಯೋಚಿಸಿರಲಿಲ್ಲ. ಅವಳು ಪುಟ್ಟಗೌರಮ್ಮನ ಕಡೆ ತಿರುಗಿದಳು. "ಅಮ್ಮ, ದಿನಕ್ಕೆ ಎಷ್ಟು ಕೊಡ?"

"ಇಪ್ಪತ್ತು ಕಣವ್ವ. ಈ ಎರಡು ವಾರ ಇಪ್ಪತ್ತೈದು," ಎಂದಳು ಪುಟ್ಟಗೌರಮ್ಮ. ಕೊಡ ಇನ್ನೂ ಸೊಂಟದ ಮೇಲೇ ಇತ್ತು. "ಅದು ಓಗ್ಲಿ ಬುಡು. ಈಗಾದ್ರೂ ಇಳೀತಲ್ಲ. ಸೂರು ಕೊಡ್ತರಾ?"

ಆಶಾರಾಣಿ ಸುತ್ತಿಬಳಸಿ ಹೇಳಲು ನೋಡಿದಳು, ಆಗಲಿಲ್ಲ. ಜಾಸ್ತಿ ಕಾಯುವ ಮನೆಗೆ ಸೂರು, ಹಾಗೆಂದು ಯಜಮಾನರಿಗೆ ಮೊದಲ ದಿನವೇ ಹೇಳಿದ್ದೆ, ಈ ಮನೆಯ ಲೆಕ್ಕ ಕೆಟ್ಟಿರುವುದರಿಂದ ಪಟ್ಟಿಯಿಂದ ತೆಗೆಯಬೇಕಾಗುತ್ತದೆ ಎಂದಳು.

ಬಾಗಿಲಲ್ಲಿ ಮಾದಣ್ಣ ನಗಲು ಬಾಯಿ ತೆರೆದವನು ಪುಟ್ಟಗೌರಮ್ಮನ ಮುಖ ನೋಡಿ ಮುಚ್ಚಿಕೊಂಡ. ಅವಳು ಕೊಡವನ್ನು ನೆಲಕ್ಕಿಟ್ಟಳು. ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ಅದು ಬೆವರೋ ಕಣ್ಣೀರೋ ಯಾರಿಗೂ ತಿಳಿಯಲಿಲ್ಲ, ಎರಡೂ ಇದ್ದಿರಬೇಕು. ಪ್ರಭುಸ್ವಾಮಿ ಮಾತ್ರ ಒದ್ದೆ ಗೋಣಿಯ ಅಂಚು ಹಿಡಿದು ನಿಂತಲ್ಲೇ ನಿಂತಿದ್ದ. ಬದುಕಿನಲ್ಲಿ ಮೊದಲ ಸಲ ಅವನಿಗೆ ಹೆಂಡತಿಯ ಎದುರು ನಾಚಿಕೆಯಾಯಿತು.

ಆಗ ಚಿಕ್ಕತಾಯಮ್ಮ ಎದ್ದರು. ಗೋಣಿಯ ಗೂಡಿನೊಳಗೆ ಕೈ ಹಾಕಿ ನೋಡಿದರು. ತಲೆ ಹಾಕಿ ನೋಡಿದರು. ಹೊರಗೆ ಬಂದು ಪುಟ್ಟಗೌರಮ್ಮನ ಅಂಗೈ ತಿರುಗಿಸಿ, ಕೊಡದ ಕಂಠ ಒತ್ತಿ ಜಡ್ಡುಗಟ್ಟಿದ ಜಾಗವನ್ನು ನೋಡಿದರು.

"ಯಾರ್ದೋ ಡಬ್ಬಿಗ ಇಷ್ಟು ಮಾಡ್ದೋರು ಕೂಸ್ಗ ಕಮ್ಮಿ ಮಾಡಲ್ಲ ಬುಡಿ," ಎಂದರು. "ಸೊಸೇನ ಕಳಿಸ್ತೀನಿ. ಗೋಣಿ ಒಳಗ ಬ್ಯಾಡ, ತಂಡಿ ಆಯ್ತದ. ಶೀಟಿನ್ ಮ್ಯಾಲ ಹಾಸಿ ನೆನ್ಸಿ. ಆದ್ರ ಒಂದು ಮಾತು ಬೀಗ್ರೆ. ನೀರು ನೀವು ಹೊರ್ಬೇಕು. ನಮ್ಮ ಬೀಗ್ತಿ ಸೊಂಟದ ಮ್ಯಾಲ ಒಂದು ಕೊಡ ಕಂಡ್ರೂ ಅವತ್ತೇ ಬಂದು ತಾಯಿ ಮಗೂನ ಕರ್ಕಂಡು ಓಯ್ತೀನಿ."

ಸರ್ಕಾರದ ಎಷ್ಟೋ ಆದೇಶಗಳು ಕಾರಯ್ಯನದೊಡ್ಡಿಗೆ ಬಂದು ಗೋಡೆಯ ಮೇಲೆ ಹಳದಿಯಾಗಿವೆ. ಚಿಕ್ಕತಾಯಮ್ಮನ ಆದೇಶ ಅಕ್ಷರಶಃ ಜಾರಿಯಾಯಿತು. ಮಾದಣ್ಣನ ಮನೆ ಶಿಫಾರಸಿನಲ್ಲಿ ಮೊದಲನೆಯದಾಗಿದೆ, ಸೂರು ಬರುವುದನ್ನು ಅವನು ಕಾಯುತ್ತಿದ್ದಾನೆ. ಪುಷ್ಪ ಮೇ ತಿಂಗಳಲ್ಲಿ ಆಸ್ಪತ್ರೆಯಿಂದ ಹೆಣ್ಣು ಕೂಸಿನೊಂದಿಗೆ ನೇರ ತವರಿಗೆ ಬಂದಳು. ಪ್ರಗತಿಪರ ಬೆಳೆಗಾರ ಪ್ರಭುಸ್ವಾಮಿ ದಿನಕ್ಕೆ ಇಪ್ಪತ್ತು ಕೊಡ ಹೊತ್ತು, ಏಣಿ ಹತ್ತಿ, ಶೀಟಿನ ಮೇಲೆ ಹಾಸಿದ ಗೋಣಿಗೆ ಸುರಿಯುವುದನ್ನು ಊರು ಜಗಲಿಯಲ್ಲಿ ಕೂತು ನೋಡಿತು. ತೊಂಬೆಯ ಹತ್ತಿರದ ಹೆಂಗಸರು ಅವನಿಗೆ ಸಾಲು ಬಿಡಲಿಲ್ಲ, ಹಿಂದೆ ನಿಲ್ಲಿ ಎಂದರು.

ಮೊದಲ ದಿನ ಮಧ್ಯಾಹ್ನ ಮಗಳಿಗೂ ಕೂಸಿಗೂ ನೀರು ಹಾಕಿ ಮಲಗಿಸಿದ ಪುಟ್ಟಗೌರಮ್ಮ ತಾನೂ ಅವರ ಪಕ್ಕ ಸುಮ್ಮನೆ ಒರಗಿದಳು. ಒರಗಿದವಳಿಗೆ ನಿದ್ದೆ ಹತ್ತಿಬಿಟ್ಟಿತು. ಮದುವೆಯಾಗಿ ಬಂದ ಮೇಲೆ ಬೇಸಿಗೆಯ ಹಗಲಲ್ಲಿ ಆ ಮನೆಯೊಳಗೆ ಅವಳು ನಿದ್ದೆ ಮಾಡಿದ್ದು ಅದೇ ಮೊದಲು. ಎಚ್ಚರವಾದಾಗ ಮೇಲೆ ನೀರು ಸುರಿಯುವ ಸದ್ದು. ಕಿಟಕಿಯಲ್ಲಿ ಏಣಿಯ ಮೇಲಿದ್ದ ಗಂಡನ ಕಾಲುಗಳು ಕಂಡವು. ಮಲಗಿದ್ದಲ್ಲಿಂದಲೇ ಕೇಳಿದಳು.

"ಏನ್ರೀ. ಇಂಗ್ ಮಾಡುದ್ರ ತಂಪಾಯ್ತದ ಅಂತ ನಿಮಗ ಯಾವಾಗ್ಲಿಂದ ಗೊತ್ತಿತ್ತು?"

ಕಾಲುಗಳು ಏಣಿಯ ಒಂದು ಮೆಟ್ಟಿಲು ಕೆಳಗಿಳಿದವು.

"ನಮ್ಮ ಮದ್ವೆಗೂ ಮುಂಚಿಂದ ಕಣೆ," ಎಂದ ಪ್ರಭುಸ್ವಾಮಿ.

ಪುಟ್ಟಗೌರಮ್ಮ ಕೂಸಿನ ಕಡೆ ಮಗ್ಗುಲಾದಳು. ಅವನು ಖಾಲಿ ಕೊಡ ಹಿಡಿದು ಇಳಿದು, ಯಾರೂ ಕೇಳದಿದ್ದರೂ ಇನ್ನೊಂದು ಕೊಡಕ್ಕೆ ತೊಂಬೆಯ ಕಡೆ ನಡೆದ.